ಅಳಿವೆಯಲ್ಲಿ ಹಾಕಿದ ಕೂ

ಕೊಟ್ಟಿಗೆಹಾರದಲ್ಲಿ ನಮ್ಮದೊಂದು ಸಣ್ಣ ಹೋಟೆಲು. ಘಟ್ಟ ಹತ್ತಿ ಬಂದವರಿಗೂ ಇಳಿಯಲು ಹೊರಟವರಿಗೂ ಮಧ್ಯಾಹ್ನ ಮೀನೂಟ ಹಾಕುತ್ತೇವೆ. ಮೀನು ಬೆಳಗ್ಗೆ ವ್ಯಾನಿನಲ್ಲಿ, ಐಸು ತುಂಬಿದ ಪೆಟ್ಟಿಗೆಯಲ್ಲಿ ಮೇಲೆ ಬರುತ್ತದೆ. ನಾನು ಗಲ್ಲಾದಲ್ಲಿ ಕೂರುವವನು, ಹೆಂಡತಿ ಒಲೆಯ ಮುಂದೆ. ಮೀನು ಹಿಡಿಯುವುದು ನನ್ನ ಕಸುಬಲ್ಲ. ಆ ಬೇಸಿಗೆಯ ಕೊನೆಯಲ್ಲಿ ನಾನು ಗಾಳ ಹಿಡಿಯಬೇಕಾಗಿ ಬಂದದ್ದು ಒಂದು ಬೀಗರ ಊಟದ ದೆಸೆಯಿಂದ.

ಮೂಡಿಗೆರೆ ಕಡೆಯ ಎಸ್ಟೇಟಿನ ಯಜಮಾನರೊಬ್ಬರು ಮಗಳ ಮದುವೆ ಮುಗಿಸಿ, ಬೀಗರ ಊಟದ ಅಡುಗೆಯನ್ನು ನಮಗೆ ವಹಿಸಿದ್ದರು. ಕುರಿ, ಕೋಳಿ ಸರಿಯೇ ಸರಿ, ಅದರ ಜೊತೆಗೆ ಕಾಣೆ, ಕೆಂಬೇರಿ ಎರಡು ಬಗೆಯ ಮೀನೂ ಇರಲೇಬೇಕು ಎಂದರು. "ಐಸಲ್ಲಿಟ್ಟ ಮೀನು ತಂದು ಹಾಕ್ಬೇಡ ಮಾರಾಯ. ಬೀಗರು ಮಂಗಳೂರಲ್ಲಿ ಇದ್ದೋರು, ಬಾಯಿಗಿಟ್ಟ ಕೂಡ್ಲೆ ಗೊತ್ತಾಗ್ತದೆ ಅವ್ರಿಗೆ" ಎಂದು ಮತ್ತೆ ಮತ್ತೆ ಹೇಳಿದರು. ಮಳೆಗಾಲ ಹತ್ತಿರ ಬಂದು ಸಮುದ್ರದ ಬೋಟುಗಳು ಒಂದೊಂದಾಗಿ ದಡ ಸೇರುತ್ತಿದ್ದ ಕಾಲ ಅದು. ಹಸಿ ಮೀನು ಬೇಕೆಂದರೆ ನದಿ ಸಮುದ್ರ ಸೇರುವ ಅಳಿವೆಯ ಉಪ್ಪುನೀರಿನಲ್ಲಿ ಗಾಳ ಹಾಕಿ ಹಿಡಿಯುವುದೊಂದೇ ದಾರಿ. ನಮಗೆ ಮೀನು ಕಳಿಸುವ ವ್ಯಾಪಾರಿ ಅಲ್ಲಿಯ ದೋಣಿಯವರೊಬ್ಬರನ್ನು ಗೊತ್ತುಮಾಡಿಕೊಟ್ಟ.

ನಾನು ಭಾವನನ್ನು ಹೊರಡಿಸಿದೆ. ಭಾವ ಎಂದರೆ ನನ್ನ ಹೆಂಡತಿಯ ಅಣ್ಣ. ಬಣಕಲ್ ಹತ್ತಿರದ ಎಸ್ಟೇಟೊಂದರಲ್ಲಿ ರೈಟರಾಗಿದ್ದರು. ಆಳುಗಳ ಹಾಜರಿ ಹಾಕುವುದು, ಕೊಯ್ದ ಕಾಫಿ ಹಣ್ಣಿನ ತೂಕ ಬರೆಯುವುದು ಅವರ ಕೆಲಸ. ಭಾನುವಾರ ಬಂತೆಂದರೆ ಹೊಳೆಯ ಗುಂಡಿಗಳಿಗೆ ಗಾಳ ಬಿಟ್ಟು ಕೂತುಬಿಡುವರು. ನಾವಿಬ್ಬರೂ ಓರಗೆಯವರು. ಅವರು ನನಗೆ ಭಾವ, ನಾನೂ ಅವರಿಗೆ ಭಾವ. ಒಬ್ಬರ ಕಾಲು ಒಬ್ಬರು ಎಳೆಯದೆ ನಮಗೆ ತಿಂಡಿ ಇಳಿಯುತ್ತಿರಲಿಲ್ಲ. "ಮೀನು ನಾನು ಹಿಡೀತೀನಿ, ನೀವು ಪೆಟ್ಟಿಗೆ ಹೊರೋಕೆ ಬನ್ನಿ ಭಾವ" ಎಂದರು. ಹೊರಡುವಾಗ ನನ್ನ ಹೆಂಡತಿ, "ಅಣ್ಣಂಗೆ ಈಜು ಬರಲ್ಲ, ದೋಣಿಯಿಂದ ಇಳಿಸ್ಬೇಡಿ" ಎಂದಳು. ನಾನು ಬಯಲುಸೀಮೆ ಕಡೆಯ ಕೆರೆಯಲ್ಲಿ ಈಜು ಕಲಿತವನು. ಅವರದು ಚಾರ್ಮಾಡಿ ಕಾಡಿಗೆ ತಾಗಿದ ಮನೆ. ಅಲ್ಲಿಯ ಹೊಳೆಗಳಲ್ಲಿ ಮಳೆಗಾಲ ಈಜಲು ಬಿಡುವುದಿಲ್ಲ, ಬೇಸಿಗೆಯಲ್ಲಿ ಈಜುವಷ್ಟು ನೀರಿರುವುದಿಲ್ಲ.

ಬೆಳಗ್ಗೆ ಬೇಗ ಪಿಕಪ್ಪಿನಲ್ಲಿ ಘಟ್ಟ ಇಳಿದೆವು. ತಿರುವುಗಳಲ್ಲಿದ್ದ ತಂಪು ಕೆಳಗೆ ಬರುತ್ತಲೇ ಮಾಯವಾಗಿ, ಅಳಿವೆ ಮುಟ್ಟುವಷ್ಟರಲ್ಲಿ ಅಂಗಿ ಬೆನ್ನಿಗಂಟಿತ್ತು. ದೋಣಿಯವರು ನಮಗಿಂತ ಹಿರಿಯರು, ಮಾತು ಕಡಿಮೆ. ನಮ್ಮ ಕಾಲು ನೋಡಿಯೇ ಮುಖ ಸಿಂಡರಿಸಿದರು. ಜಿಗಣೆಗೆ ಹೆದರಿ ತೋಟದಲ್ಲಿ ಹಾಕುವ ಗಂಬೂಟನ್ನೇ ಇಬ್ಬರೂ ಹಾಕಿಕೊಂಡು ಹೋಗಿದ್ದೆವು.

"ಇದೆಂಥದು ಮಾರಾಯ್ರೆ? ಇದರ ಒಳಗೆ ನೀರು ಹೊಕ್ಕಿದ್ರೆ ಕಾಲು ಎತ್ಲಿಕ್ಕೆ ಆಗುದಿಲ್ಲ. ತೆಗೆದಿಡಿ" ಎಂದರು.

ತೆಗೆದು ದೋಣಿಯ ಮೂಲೆಗಿಟ್ಟೆವು. ಮೊಬೈಲುಗಳನ್ನು ಅವರ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿದೆವು. ಭಾವ ನೀರಿಗೆ ಕೈಯಿಟ್ಟು, "ಇದೇನ್ ಭಾವ, ಸ್ನಾನಕ್ಕೆ ಕಾಸಿದ ನೀರಿದ್ದಂಗಿದೆ. ಇದ್ರಲ್ಲಿ ಮೀನು ಬದುಕಿರ್ತವೋ ಬೆಂದಿರ್ತವೋ" ಎಂದರು. ದೋಣಿಯವರೂ ಸ್ವಲ್ಪ ನಕ್ಕರು.

ಮೊದಲ ಕೆಲಸ ಮೀನು ಹಿಡಿಯುವುದಲ್ಲ, ಎರೆ ಹಿಡಿಯುವುದು. ದೋಣಿಯವರು ಕೆಸರಿನ ಅಂಚಿನಲ್ಲಿ ಬೀಸುಬಲೆ ಹಾಕಿ ಜೀವಂತ ಸಿಗಡಿ ಎತ್ತಿದರು. ಅವನ್ನು ಒದ್ದೆ ಗೋಣಿ ಮುಚ್ಚಿದ ಬಕೆಟ್ಟಿನಲ್ಲಿಟ್ಟು ಆಗಾಗ ನೀರು ಬದಲಿಸುತ್ತಿರಬೇಕು. ಗಾಳ ಸಿಕ್ಕಿಸುವುದು ಸಿಗಡಿಯ ತಲೆಯ ಕೊಂಬಿನ ಕೆಳಗೆ. ಅಲ್ಲಿ ಸಿಪ್ಪೆಯೊಳಗೆ ಒಂದು ಕಪ್ಪು ಚುಕ್ಕೆ ಕಾಣುತ್ತದೆ, ಅದನ್ನು ತಪ್ಪಿಸಿ ತೂರಿಸಬೇಕು. ಅದಕ್ಕೆ ಚುಚ್ಚಿದರೆ ಸಿಗಡಿ ಸತ್ತಂತೆ, ಸತ್ತ ಸಿಗಡಿಯನ್ನು ಕೆಂಬೇರಿ ತಿರುಗಿಯೂ ನೋಡುವುದಿಲ್ಲ. ನಾನು ಕೊಂದವು ಕೊಲ್ಲದವಕ್ಕಿಂತ ಹೆಚ್ಚು. ಭಾವ ಒಂದು ಸಲ ನೋಡಿದ್ದೇ ಕಲಿತುಬಿಟ್ಟರು.

ಆದರೂ ಬೆಳಗ್ಗೆಯೆಲ್ಲ ಕೆಲಸ ಕೆಟ್ಟಿತು. ನೀರು ಸಮುದ್ರದ ಕಡೆಗೆ ಇಳಿಯುತ್ತಿತ್ತು. ಕಡಿಮೆ ನೀರು ಬಿಸಿಲಿಗೆ ಕಾದು, ಮೀನುಗಳೆಲ್ಲ ಆಳಕ್ಕೆ ಸರಿದಿದ್ದವು. ಹೊಟ್ಟೆ ಉಬ್ಬಿಸಿಕೊಳ್ಳುವ ಜಾತಿಯ ಮೀನೊಂದು ಬಂದು ದಾರವನ್ನು ಕತ್ತರಿಸಿದ ಹಾಗೆ ಕಡಿದುಕೊಂಡು ಹೋಯಿತು. ಹೊಸ ದಾರ ಕಟ್ಟಿದರೆ ಅದೂ ಹೋಯಿತು. ಕೊನೆಗೆ ಮೀಸೆಯ ಮೀನೊಂದು ಬಿತ್ತು. ಭಾವ ಅದನ್ನು ಗಾಳದಿಂದ ಬಿಡಿಸುವಾಗ ಅದು ಜಾರಿ ಬಿದ್ದು, ಬೆನ್ನ ಮುಳ್ಳು ಅವರ ಪಾದಕ್ಕೆ ಚುಚ್ಚಿತು. ನೋವಿಗೆ ಅವರ ಮುಖ ಬೂದಿ ಬಣ್ಣಕ್ಕೆ ತಿರುಗಿತು. ದೋಣಿಯವರು ಫ್ಲಾಸ್ಕಿನ ಬಿಸಿ ಚಹಾವನ್ನೇ ಬಟ್ಟೆಗೆ ಸುರಿದು ಶಾಖ ಕೊಟ್ಟರು. ನೋವು ಇಳಿದ ಮೇಲೆ ಭಾವ ಮೂಲೆಯಲ್ಲಿದ್ದ ಗಂಬೂಟು ಎಳೆದು ಹಾಕಿಕೊಂಡರು.

"ಬೇಡ ಅಂತ ಹೇಳಿದ್ದೆ" ಎಂದರು ದೋಣಿಯವರು.

"ನಾನೇನ್ ನೀರಿಗಿಳೀತೀನಾ? ದೋಣೀಲೇ ಕೂತಿರ್ತೀನಲ್ಲ" ಎಂದರು ಭಾವ.

ಮಧ್ಯಾಹ್ನ ನೀರು ಪೂರ್ತಿ ಇಳಿದಾಗ ಅಳಿವೆಯ ನಡುವೆ ಒಂದು ಮರಳದಿಣ್ಣೆ ಎದ್ದಿತು. ಕಾಣೆ ಮೀನು ಇರುವುದು ಅಂಥ ಮರಳಿನ ಅಂಚಿನಲ್ಲೇ. ಕೆಂಬೇರಿ ಇರುವುದು ಆಚೆ ದಡದಲ್ಲಿ ಉಪ್ಪುನೀರಿಗೇ ಬೇರು ಇಳಿಬಿಟ್ಟು ಬೆಳೆಯುವ ಕಾಂಡ್ಲಾ ಗಿಡಗಳ ಸಂದಿಯಲ್ಲಿ. ಹೊತ್ತು ಕಡಿಮೆ ಇದ್ದುದರಿಂದ ಕೆಲಸ ಹಂಚಿಕೊಂಡೆವು. ನನ್ನನ್ನು ಗಾಳ, ಬಕೆಟ್ಟಿನ ಜೊತೆ ದಿಣ್ಣೆಯ ಮೇಲೆ ಇಳಿಸಿ, ಭಾವನೂ ದೋಣಿಯವರೂ ಕಾಂಡ್ಲಾ ಕಡೆ ಹೋಗುವುದು ಎಂದಾಯಿತು. ಕೂಗಿದರೆ ಕೇಳುವಷ್ಟೇ ದೂರ. "ನೀರು ತಿರುಗುವ ಮೊದಲು ಬರ್ತೇವೆ" ಎಂದರು ದೋಣಿಯವರು. ದಿಣ್ಣೆಯಿಂದ ಸ್ವಲ್ಪ ಆಚೆಗೆ, ಹಿಂದೆ ಯಾರೋ ಬಲೆ ಕಟ್ಟಲು ನೆಟ್ಟಿದ್ದ ಗೂಟಗಳ ಸಾಲೊಂದು ನೀರಿನಿಂದ ತಲೆ ಹೊರಗಿಟ್ಟು ನಿಂತಿತ್ತು.

ಕಾಣೆ ಕಚ್ಚತೊಡಗಿತು. ಬೆಳಗಿನಿಂದ ಅನುಭವಿಸಿದ ಅವಮಾನಕ್ಕೆಲ್ಲ ಬಡ್ಡಿ ಸಮೇತ ತೀರಿಸುವಂತೆ ಒಂದಾದ ಮೇಲೊಂದು ಬಂದವು, ಉದ್ದಕ್ಕೆ, ಮರಳಿನ ಬಣ್ಣಕ್ಕೆ. ನಾನು ಮೈಮರೆತೆ. ಬೀಗರ ಊಟದಲ್ಲಿ ಯಜಮಾನರು ಭುಜ ತಟ್ಟುವುದನ್ನೂ ಭಾವನನ್ನು ರೇಗಿಸಬೇಕಾದ ಮಾತುಗಳನ್ನೂ ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಸಮುದ್ರದ ಕಡೆಗೆ ತೇಲಿಹೋಗುತ್ತಿದ್ದ ಒಂದು ಒಣ ತೆಂಗಿನ ಸೋಗೆ ನನ್ನ ಮುಂದೆ ನಿಂತಿತು. ನಿಂತಲ್ಲೇ ಸ್ವಲ್ಪ ಸುತ್ತಿತು. ಆಮೇಲೆ ಬಂದ ದಾರಿಯಲ್ಲೇ ವಾಪಸು ಹೊರಟಿತು. ಘಟ್ಟದ ಮೇಲಿನವರಿಗೆ ನೀರೆಂದರೆ ಇಳಿಜಾರಿನಲ್ಲಿ ಹೋಗುವಂಥದು. ಹೊಳೆ ಹಿಂದಕ್ಕೆ ಹೋಗುವುದನ್ನು ನಾನು ನೋಡಿರಲಿಲ್ಲ. ಸೋಜಿಗದಿಂದ ನೋಡುತ್ತಾ ನಿಂತುಬಿಟ್ಟೆ. ತಲೆ ಎತ್ತಿದಾಗ ಮೂಡಣದ ಘಟ್ಟದ ಸಾಲೇ ಕಾಣುತ್ತಿರಲಿಲ್ಲ. ನಮ್ಮೂರಿನ ಮೇಲೆ ಕಟ್ಟಿದ್ದ ಮೋಡ ಇಳಿದು ಬರುತ್ತಿತ್ತು.

ಮೊದಲು ಗಾಳಿ ಬಂತು. ಹಿಂದೆಯೇ ಮಳೆ. ಬೇಸಿಗೆ ಕೊನೆಯ ಆ ಮಳೆಗೆ ಹದ ಎಂಬುದಿಲ್ಲ. ಎರಡೂ ದಡ ಅಳಿಸಿಹೋದವು, ಕಾಂಡ್ಲಾ ಹೋಯಿತು, ದೋಣಿ ಹೋಯಿತು. ಸುತ್ತಲೂ ಬಿಳಿ ಬಿಟ್ಟರೆ ಏನಿಲ್ಲ. ನನ್ನ ಕಾಲ ಬುಡದ ನೀರು ಮಾತ್ರ ಕಾಣುತ್ತಿತ್ತು. ಅದು ಪಾದ ಮುಚ್ಚಿತ್ತು.

ನಾನು ಕೂ ಹಾಕಿದೆ.

ಅದು ಘಟ್ಟದ ಮೇಲಿನವರ ಅಭ್ಯಾಸ. ತೋಟದಲ್ಲಾಗಲಿ ಕಾಡಿನಲ್ಲಾಗಲಿ ಒಬ್ಬರಿಗೊಬ್ಬರು ಕಾಣದಾದರೆ ಹೆಸರು ಹಿಡಿದು ಕರೆಯುವುದಿಲ್ಲ. ಮಾತು ಮರಗಳ ನಡುವೆ ಒಡೆದುಹೋಗುತ್ತದೆ, ಎಳೆದ ಕೂ ಮಾತ್ರ ದೂರ ಹೋಗುತ್ತದೆ. ಮದುವೆಯಾದ ಹೊಸದರಲ್ಲಿ ಸೀಗೆಕಾಯಿಗೆಂದು ಕಾಡಿಗೆ ಹೋದಾಗ ಭಾವನೇ ನನಗೆ ಹೇಳಿಕೊಟ್ಟಿದ್ದರು. ದಾರಿ ತಪ್ಪಿದವನು ಕೂ ಹಾಕಬೇಕು. ತಿರುಗಿ ಕೂ ಕೇಳಿಸಿದರೆ, ಅಲ್ಲೇ ಇರು, ನಾನು ಬರುತ್ತಿದ್ದೇನೆ ಎಂದರ್ಥ. ಆಮೇಲೆ ಕದಲಬಾರದು. ಇಬ್ಬರೂ ನಡೆದರೆ ಇಬ್ಬರೂ ತಪ್ಪಿಸಿಕೊಳ್ಳುತ್ತಾರೆ.

ಕಾಂಡ್ಲಾ ಕಡೆಯಿಂದ ಭಾವನ ಕೂ ಬಂತು. ಆ ಗಂಟಲು ನನಗೆ ಗೊತ್ತು; ಕೊನೆಯಲ್ಲಿ ಸ್ವಲ್ಪ ಮೇಲೇರಿ ನಿಲ್ಲುತ್ತದೆ. ಎದೆಗೆ ನೆಮ್ಮದಿಯಾಯಿತು. ನಿಂತೆ.

ನೀರು ಮೀನಖಂಡಕ್ಕೆ ಬಂತು. ಕೂ ಹಾಕಿದೆ, ಉತ್ತರ ಬಂತು, ಆದರೆ ಅಲ್ಲಿಂದಲೇ. ಅವರು ಹೊರಟಿರಲಿಲ್ಲ. ಗಾಳಿಗೆ ದೋಣಿ ಮಗುಚೀತೆಂದು ದೋಣಿಯವರು ಅದನ್ನು ಬೇರುಗಳಿಗೆ ಕಟ್ಟಿ, ಜೋರು ಇಳಿಯಲೆಂದು ಕಾಯುತ್ತಿದ್ದರೆಂದು ಆಮೇಲೆ ತಿಳಿಯಿತು. ನೀರು ಮೊಣಕಾಲು ಮುಟ್ಟಿ, ತೊಡೆಗೆ ಏರಿತು. ಮೀನು ತುಂಬಿದ ಬಕೆಟ್ಟು ತೇಲಿ, ಓರೆಯಾಗಿ, ಹೋಗಿಬಿಟ್ಟಿತು. ನಾನು ಅಲ್ಲೇ ನಿಂತಿದ್ದೆ. ನಿಲ್ಲುವುದೊಂದೇ ನನಗೆ ಗೊತ್ತಿದ್ದ ಬುದ್ಧಿ.

ಆಗ ಹಿಮ್ಮಡಿಯ ಕೆಳಗಿನ ಮರಳು ಜಾರತೊಡಗಿತು. ಕಾಲು ಬದಲಿಸಿದರೆ ಅಲ್ಲೂ ಜಾರಿತು. ಕಾಡಿನಲ್ಲಿ ನಿಂತ ಜಾಗ ನಿಂತೇ ಇರುತ್ತದೆ. ಇಲ್ಲಿ ಜಾಗವೇ ಹೊರಟುಹೋಗುತ್ತಿದೆ ಎಂದು ಹೊಳೆಯಿತು. ನನಗೆ ಜೀವಭಯ ಹಿಡಿದದ್ದು ಆಗ. ಗೂಟಗಳ ಸಾಲು ನೆನಪಾಯಿತು. ಅದು ಎಡಕ್ಕೆ ಇತ್ತೆಂದು ನಂಬಿ ಹೆಜ್ಜೆ ಕಿತ್ತೆ. ಸ್ವಲ್ಪ ನಡೆದೆ, ಸ್ವಲ್ಪ ಈಜಿದೆ, ಉಳಿದದ್ದನ್ನು ನೀರೇ ಒಯ್ಯಿತು. ಎದೆ ಹೋಗಿ ಗೂಟಕ್ಕೆ ಬಡಿಯಿತು. ಅದನ್ನು ತಬ್ಬಿದೆ. ಗೂಟದ ಮೈತುಂಬ ಚಿಪ್ಪುಗಳು. ಅಂಗೈ, ಎದೆ ಎಲ್ಲ ಕೊಯ್ದವು. ಬಿಡಲಿಲ್ಲ.

ಅಲ್ಲಿಂದ ಕೂ ಹಾಕಿದೆ. ಗಾಳಿ ಅಷ್ಟರಲ್ಲಿ ಕಡಿಮೆಯಾಗಿತ್ತು, ಮಳೆ ಮಾತ್ರ ಹಾಗೇ ಇತ್ತು. ಭಾವನ ಕೂ ಬಂತು, ಈ ಸಲ ಹತ್ತಿರದಿಂದ. ದೋಣಿ ಹೊರಟಿದೆ ಎಂದು ಅಳು ಬರುವಷ್ಟು ಸಂತೋಷವಾಯಿತು. ಮತ್ತೆ ಕೂ ಹಾಕಿದೆ. "ಭಾವ, ಗೂಟದ ಹತ್ರ" ಎಂದೂ ಅರಚಿದೆ. ಮಳೆಯ ಸದ್ದಿನಲ್ಲಿ ಆ ಮಾತು ನನ್ನ ಕಿವಿಗೇ ಸರಿಯಾಗಿ ಬೀಳಲಿಲ್ಲ.

ಅವರ ಮುಂದಿನ ಕೂ ದಿಣ್ಣೆಯ ಕಡೆಯಿಂದ ಬಂತು, ನಾನು ಮೊದಲು ನಿಂತಿದ್ದ ಜಾಗದಿಂದ. ನಾನು ಓಗೊಟ್ಟೆ. ಅವರು ತಿರುಗಿ ಹಾಕಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅಲ್ಲಿಂದಲೇ ಇನ್ನೊಂದು ಕೂ. ನಾನು ಗಂಟಲು ಹರಿಯುವಂತೆ ಓಗೊಟ್ಟೆ. ಮತ್ತೆ ಮೌನ. ಅವರು ಕರೆಯುತ್ತಿದ್ದರು, ಕಾಯುತ್ತಿದ್ದರು, ನನ್ನ ಕೂಗು ಅವರ ಕಿವಿಯ ಪಕ್ಕದಿಂದಲೇ ಹೋದರೂ ಅದು ಇಲ್ಲವೇ ಇಲ್ಲವೆಂಬಂತೆ ಮತ್ತೆ ಕರೆಯುತ್ತಿದ್ದರು. ಒಂದು ಕೂ ಮಧ್ಯದಲ್ಲೇ ತುಂಡಾಯಿತು, ಕೊನೆಯಲ್ಲಿ ಮೇಲೇರಲಿಲ್ಲ. ಆಮೇಲೆ ದೋಣಿಯವರ ಕೂಗಾಟವಷ್ಟೇ ಕೇಳಿಸಿತು.

ಮಳೆ ತೆಳುವಾದಾಗ ದೋಣಿ ನನ್ನ ಬಳಿ ಬಂತು. ಒಳಗೆ ಒಬ್ಬರೇ ಇದ್ದರು.

ಬೇರೆ ದೋಣಿಗಳು ಬಂದವು, ಊರಿನ ಹುಡುಗರು ಮುಳುಗಿ ಹುಡುಕಿದರು. ಭಾವ ಸಿಕ್ಕಿದ್ದು ಮಾರನೆಯ ಬೆಳಗ್ಗೆ, ನೀರು ಮತ್ತೆ ಇಳಿದ ಮೇಲೆ. ಕೆಸರಿನಲ್ಲಿ ಚಿಪ್ಪು ಹೆಕ್ಕಲು ಬಂದ ಹೆಂಗಸರು ನೋಡಿ ಕರೆದರು. ಎರಡೂ ಗಂಬೂಟುಗಳು ಕಾಲಲ್ಲೇ ಇದ್ದವು, ಮರಳು ತುಂಬಿ ಭಾರವಾಗಿ. ಅವನ್ನು ತೆಗೆದವನು ನಾನೇ. ಬೇರೆ ಯಾರಿಗೂ ಮುಟ್ಟಲು ಬಿಡಲಿಲ್ಲ. ಅದೇ ಹೊತ್ತಿಗೆ ಯಜಮಾನರ ಕಡೆಯವರು ಫೋನು ಮಾಡಿ ಮೀನು ಎಷ್ಟೊತ್ತಿಗೆ ಬರುತ್ತದೆಂದು ಕೇಳಿದರು. ವಿಷಯ ತಿಳಿಸಿದೆ. ಅವರೂ ಒಳ್ಳೆಯವರೇ, ಫೋನಿನಲ್ಲೇ ಅತ್ತರು. ಊಟಕ್ಕೆ ಕೋಳಿ ಹೆಚ್ಚು ಮಾಡಿಸಿದರಂತೆ.

ಆಸ್ಪತ್ರೆಯ ಹೊರಗಿನ ಕಟ್ಟೆಯ ಮೇಲೆ ದೋಣಿಯವರು ನನ್ನ ಪಕ್ಕ ಕೂತಿದ್ದರು. ತಾವಾಗಿಯೇ ಕೇಳಿದರು.

"ನಿಮ್ಮಲ್ಲಿ ಎಂಥದೋ ಉಂಟಂತಲ್ಲ, ಕೂಗಿನ ವಿಷಯ. ಅದು ಎಂಥದು?"

ನನಗೆ ಅರ್ಥವಾಗಲಿಲ್ಲ.

"ನೀವು ಗೂಟದ ಹತ್ರ ಇದ್ದೀರಿ ಅಂತ ನನಗೆ ಗೊತ್ತಾಯ್ತು. ಸ್ವರ ಅಲ್ಲಿಂದಲೇ ಬರ್ತಿತ್ತು. ದೋಣಿ ಆ ಕಡೆ ತಿರುಗಿಸಿದೆ. ದೋಣಿ ನೂಕುವ ಗಳವನ್ನು ಅವರು ಹಿಡ್ಕೊಂಡ್ರು, ಬಿಡ್ಲಿಲ್ಲ. ಕೂ ಹಾಕಿದವ ನಿಂತಲ್ಲೇ ನಿಲ್ತಾನೆ, ಜಾಗ ಬದಲಾಯಿಸುವ ಕೂ ಮನುಷ್ಯರದ್ದಲ್ಲ, ಅದಕ್ಕೆ ಓಗೊಡ್ಬಾರ್ದು, ಅದರ ಹಿಂದೆ ಹೋಗ್ಬಾರ್ದು ಅಂದ್ರು. 'ಅದು ನಮ್ಮ ಭಾವ ಅಲ್ಲ, ಭಾವನ ಸ್ವರ' ಅಂದ್ರು. ನಡುಗ್ತಿದ್ರು. ನಿಮ್ಮನ್ನು ಬಿಟ್ಟಲ್ಲಿಗೇ ಹೋಗ್ಬೇಕು ಅಂತ ಹಟ. ಅಲ್ಲಿಗೆ ಬಂದ ಮೇಲೆ ನಾನು ಹಿಡಿಯುವ ಮೊದಲೇ ಇಳಿದುಬಿಟ್ರು. ಸೊಂಟಮಟ್ಟ ನೀರಿತ್ತು. ಕೈಯಲ್ಲಿ ನೀರೊಳಗೆ ತಡಕಿ ತಡಕಿ ಹುಡುಕ್ತಿದ್ರು, ನಿಮ್ಮನ್ನು. ನಡುವೆ ಒಮ್ಮೊಮ್ಮೆ ನಿಂತು ಕೂ ಹಾಕ್ತಿದ್ರು. ದಿಣ್ಣೆಯ ಅಂಚು ಎಲ್ಲಿ ಅಂತ ಅವರಿಗೆ ಗೊತ್ತಿರ್ಲಿಲ್ಲ."

ನನಗೆ ಭಾವ ಕಲಿಸಿದ್ದು ಅರ್ಧ. ಆ ಇನ್ನರ್ಧವನ್ನು ಕಾಡಿನಲ್ಲಿ ಬಾಯಿಬಿಟ್ಟು ಹೇಳುವ ಪದ್ಧತಿ ಅವರ ಮನೆಯಲ್ಲಿಲ್ಲ, ಹೇಳಿದರೆ ಅದನ್ನೇ ಕರೆದಂತೆ. ಹೊರಗಿನಿಂದ ಬಂದ ಅಳಿಯನಿಗೆ ಅದು ಗೊತ್ತಾಗುವುದಾದರೂ ಹೇಗೆ? ನಾನು ದಿಣ್ಣೆ ಬಿಟ್ಟದ್ದು ತಪ್ಪೆಂದು ನನಗೆ ಇಂದಿಗೂ ಅನ್ನಿಸಿಲ್ಲ. ಬಿಡದಿದ್ದರೆ ನಾನೂ ಇರುತ್ತಿರಲಿಲ್ಲ. ಭಾವನದೂ ತಪ್ಪಲ್ಲ. ಈಜು ಬಾರದ ಮನುಷ್ಯ ನನಗಾಗಿ ನೀರಿಗಿಳಿದರು. ಆದರೆ ಇಳಿಯುವಾಗ ಅವರ ಲೆಕ್ಕದಲ್ಲಿ ನಾನು ಆಗಲೇ ಸತ್ತಿದ್ದೆ. ಸ್ವಲ್ಪ ದೂರದಲ್ಲಿ ಗೂಟ ತಬ್ಬಿಕೊಂಡು, ರಕ್ತ ಸುರಿಸುತ್ತಾ, ಅವರಿಗೆ ಓಗೊಡುತ್ತಿದ್ದವನು ದೆವ್ವ. ಆ ದೆವ್ವಕ್ಕೆ ಬೆನ್ನು ಹಾಕಿ ಅವರು ನನ್ನ ಹೆಣ ಹುಡುಕುತ್ತಿದ್ದರು. ಇದನ್ನು ಯೋಚಿಸಿದಾಗಲೆಲ್ಲ ಮೈ ಜುಮ್ಮೆನ್ನುತ್ತದೆ, ಆಮೇಲೆ ಹೇಳಲಾರದಷ್ಟು ದುಃಖವಾಗುತ್ತದೆ.

ಕಾರ್ಯವೆಲ್ಲ ಮುಗಿದು ನೆಂಟರು ಹೊರಟ ಮೇಲೆ ಹೋಟೆಲು ಮತ್ತೆ ತೆರೆದೆವು. ಮಳೆ ಹಿಡಿದಿತ್ತು, ಗಿರಾಕಿಗಳು ಕಡಿಮೆ. ಹೆಂಡತಿ ಒಲೆಯ ಮುಂದೆ ಈರುಳ್ಳಿ ಹೆಚ್ಚುತ್ತಾ ಕೂತಿದ್ದಳು. ದೋಣಿಯವರು ಹೇಳಿದ್ದನ್ನು ನಾನು ಅವಳಿಗೆ ಹೇಳಿರಲಿಲ್ಲ. ಮಳೆಯಲ್ಲಿ ಕಾಣದೆ ಅಂಚಿನಿಂದ ಜಾರಿದರು ಎಂದಷ್ಟೇ ಎಲ್ಲರಿಗೂ ಹೇಳಿದ್ದೆ.

"ಅಣ್ಣ ಕೂ ಹಾಕಿದ್ನಾ?" ಎಂದು ಕೇಳಿದಳು, ತಲೆ ಎತ್ತದೆ.

"ಹಾಕಿದ್ರು."

"ನಿಮಗೆ ಕೇಳ್ಸಿತ್ತಾ?"

"ಕೇಳ್ಸಿತ್ತು. ಓಗೊಟ್ಟೆ."

ಅವಳ ಕೈ ನಿಂತಿತು. ಅವಳೂ ಅದೇ ಮನೆಯಲ್ಲಿ ಬೆಳೆದವಳು.

"ನಿಂತಲ್ಲಿಂದ್ಲೇನಾ?"

ಸುಳ್ಳು ಹೇಳಬಹುದಿತ್ತು. ಬಾಯಿ ಬರಲಿಲ್ಲ. "ಅಲ್ಲ" ಎಂದೆ.

ಅವಳು ನನ್ನನ್ನು ಬಯ್ಯಲಿಲ್ಲ, ಅಳಲೂ ಇಲ್ಲ. ಎದ್ದು ನನ್ನ ಅಂಗೈ ತಿರುಗಿಸಿ ಚಿಪ್ಪು ಕೊಯ್ದ ಗಾಯ ಮಾಯುತ್ತಿದೆಯೇ ಎಂದು ನೋಡಿದಳು. ನಾವು ಈಗಲೂ ಚೆನ್ನಾಗಿಯೇ ಇದ್ದೇವೆ. ಆದರೆ ಅಂದಿನಿಂದ ನಾನು ಹಿತ್ತಲಿನಿಂದಲೋ ರಸ್ತೆಯಿಂದಲೋ ಕೂಗಿ ಕರೆದರೆ ಅವಳು ಓಗೊಡುವುದಿಲ್ಲ. ಮಾಡುತ್ತಿದ್ದ ಕೆಲಸ ಬಿಟ್ಟು ಬಾಗಿಲಿಗೆ ಬರುತ್ತಾಳೆ. ನನ್ನ ಮುಖ ನೋಡುತ್ತಾಳೆ. ಆಮೇಲೆ "ಎಂತ" ಅನ್ನುತ್ತಾಳೆ.